ತಲುಪಿಸಲು ಮಾತ್ರ

‘ಫೈಲ್ ಕಳಿಸಲು ಮಾತ್ರ ಅನುಮತಿ. ಕಮಾಂಡ್ ನಡೆಸುವಂತಿಲ್ಲ.’

ಪರದೆಯ ಮೇಲೆ ಮೂರನೇ ಸಲವೂ ಅದೇ ಸಾಲು. ತಪ್ಪು ಕನ್ನಡಕದ್ದೇನೋ ಎಂಬಂತೆ ಅವಳು ಅದನ್ನು ತೆಗೆದು ಒರೆಸಿಕೊಂಡಳು.

ಅವಳು ಬರೆದಿಟ್ಟ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮು ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಅವಳ ಪ್ರಯೋಗಾಲಯದ ರಕ್ತಪರೀಕ್ಷೆಯ ವರದಿಗಳನ್ನು ರಸ್ತೆಯಾಚೆಯ ಆಸ್ಪತ್ರೆಯ ಸರ್ವರಿಗೆ ಸಾಗಿಸುತ್ತಿತ್ತು. ಆಮೇಲೆ ಅಲ್ಲಿಗೇ ಒಂದು ಕಮಾಂಡ್ ಕೊಟ್ಟು, ಅವು ವೈದ್ಯರ ಪರದೆಯ ಮೇಲೆ ತೆರೆದುಕೊಳ್ಳುವಂತೆ ಮಾಡುತ್ತಿತ್ತು. ಇವತ್ತು ವರದಿಗಳು ಹೋಗಿದ್ದವು. ತೆರೆದಿರಲಿಲ್ಲ.

ವಾರ್ಡಿನ ನರ್ಸು ಫೋನ್ ಮಾಡಿದಳು.

“ಹನ್ನೊಂದಕ್ಕೆ ಒಂದು ಮಗೂಗೆ ಆಪರೇಷನ್ ಇದೆ. ರಿಪೋರ್ಟ್ ಕಾಣ್ತಾನೇ ಇಲ್ವಲ್ಲ?”

“ಕಳಿಸಿದೀನಿ.”

“ಕಳಿಸಿದ್ರೆ ಕಾಣ್ಬೇಕಲ್ವಾ?”

ಆಸ್ಪತ್ರೆಯ ಸರ್ವರ್ ಕಾಯುವವನಿಗೆ ಎಲ್ಲರೂ ಇಟ್ಟ ಹೆಸರು ಇಲ್ಲಪ್ಪ. ಏನು ಕೇಳಿ ಬರೆದರೂ ಅವನದು ಅದೊಂದೇ ಉತ್ತರ. ಅವನ ಫೋನ್ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಕೂತಲ್ಲಿಂದಲೇ ಕೆಲಸ ಮಾಡಿಸುವುದು ಅವಳಿಗೆ ಮೈಗಂಟಿದ ಗುಣ. ಗಂಡನಿಗೆ ಮೆಸೇಜು: ಮಾತ್ರೆ ತಗೊಳ್ಳಿ. ಮಗಳಿಗೆ: ಕಿಟಕಿ ಹಾಕು. ಇಬ್ಬರೂ ‘ಸರಿ’ ಎನ್ನುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಚಪ್ಪಲಿ ಮೆಟ್ಟಿ, ಪ್ರಯೋಗಾಲಯದ ಗುರುತುಚೀಟಿ ಕೊರಳಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು.

ಇಲ್ಲಪ್ಪ ನೆಲಮಾಳಿಗೆಯಲ್ಲಿದ್ದ. ಬಕ್ಕತಲೆ, ಸ್ವೆಟರು. ಜಗಳಕ್ಕೆಂದು ಅವಳು ದಾರಿಯುದ್ದಕ್ಕೂ ಮಸೆದು ತಂದಿದ್ದ ಮಾತೆಲ್ಲ, ಅವನು ಧಡಕ್ಕನೆ ಎದ್ದು ಕುರ್ಚಿ ಎಳೆದ ಸಡಗರ ನೋಡಿ ಮೊಂಡಾಯಿತು.

“ಪ್ರಯೋಗಾಲಯದವರು ನೀವೇನಾ! ನಿಮ್ಮ ಕಮಾಂಡ್ ದಿನಾ ನೋಡ್ತಿದ್ದೆ. ಒಂದಿನಾನೂ ತಡ ಇಲ್ಲ.”

“ಮತ್ತೆ ನಿಲ್ಲಿಸಿದ್ದು ಯಾಕೆ?”

“ಎಲ್ಲರದ್ದೂ ನಿಲ್ಲಿಸಿದೀನಿ. ಫೈಲ್ ತರೋ ನೆಪದಲ್ಲಿ ಯಾರು ಬೇಕಾದ್ರೂ ಸರ್ವರ್ ಒಳಗೆ ಬಂದು ಏನು ಬೇಕಾದ್ರೂ ಮಾಡಬಹುದಿತ್ತು.”

“ಫೋನಾದ್ರೂ ಎತ್ತಬಾರದಾ?”

“ಎತ್ತಿದ್ರೆ ಬೈತಾರೆ.”

ಅವಳಿಗೆ ನಗು ಉಕ್ಕಿತು. ಅವನೂ ನಕ್ಕು ಕೀಲಿಮಣೆಯನ್ನು ಅವಳತ್ತ ಸರಿಸಿದ. “ಇಲ್ಲಿಂದ ನೀವೇ ಒತ್ತಿ. ನಾನು ಪಕ್ಕದಲ್ಲೇ ಇದೀನಲ್ಲ.”

ಒತ್ತಿದಳು. ವಾಪಸು ಹೋಗುವ ಬದಲು ಮೆಟ್ಟಿಲು ಹತ್ತಿ ವಾರ್ಡಿಗೇ ಹೋದಳು. ವೈದ್ಯೆ ಒಬ್ಬ ತಾಯಿಗೆ ಹೇಳುತ್ತಿದ್ದಳು: “ರಿಪೋರ್ಟ್ ಬಂತು, ಚೆನ್ನಾಗಿದೆ. ಕರ್ಕೊಂಡು ಹೋಗ್ತೀವಿ.” ಗಾಲಿಮಂಚದ ಮೇಲಿದ್ದ ಮಗು ರಾಜಠೀವಿಯಿಂದ ಎಲ್ಲರಿಗೂ ಟಾಟಾ ಮಾಡಿತು. ಅವಳಿಗೂ ಮಾಡಿತು. ಒಂಬತ್ತು ವರ್ಷ ಅವಳು ಬರೀ ಅಂಕಿಗಳನ್ನು ಸಾಗಿಸಿದ್ದಳು; ಅವಕ್ಕೆ ಇಷ್ಟು ಪುಟ್ಟ ಬೆರಳುಗಳಿದ್ದವು. ಅವಳೂ ಕೈ ಬೀಸಿದಳು, ಮಂಚ ತಿರುವಿನಲ್ಲಿ ಮರೆಯಾದ ಮೇಲೂ.

ಇಲ್ಲಪ್ಪ ಏದುಸಿರು ಬಿಡುತ್ತ ಹಾಳೆಯೊಂದನ್ನು ಹಿಡಿದು ಬಂದ.

“ಇದಕ್ಕೊಂದು ಸೈನ್ ಹಾಕಿ. ನಿಮ್ಮ ಆ ಒಂದು ಕಮಾಂಡಿಗೆ ಮಾತ್ರ ಅನುಮತಿ ಕೊಡ್ತೀನಿ. ನಾಳೆಯಿಂದ ನೀವು ಬರೋದೇ ಬೇಡ.”

ಜೀವಮಾನದಲ್ಲೇ ಮೊದಲ ಸಲ ಅವನು ಇಲ್ಲ ಎಂದಿರಲಿಲ್ಲ.

“ಪೆನ್ ಇಲ್ಲ,” ಎಂದಳು. ಅವನ ಜೇಬಿನಲ್ಲಿ ಎರಡಿದ್ದವು. ಇಬ್ಬರೂ ಅವು ಕಾಣದವರಂತೆ ನಿಂತರು.

ಹಾಳೆ ಹಿಡಿದು ರಸ್ತೆಗಿಳಿದಳು. ನಡುವಿನ ಗೇಣಗಲದ ಕಟ್ಟೆ ಹತ್ತುವಷ್ಟರಲ್ಲಿ ಹಿಂದೂ ಮುಂದೂ ವಾಹನಗಳು ನುಗ್ಗಿದವು. ಬಿಸಿಲು ಹಿತವಾಗಿತ್ತು. ಯಾವುದೋ ರಾಗ ಗುನುಗುತ್ತಿದ್ದಳು. ಸಿಗ್ನಲ್ ದೀಪದ ಕಂಬದಲ್ಲಿ ನಡೆಯುವ ಹಸಿರು ಮನುಷ್ಯ ಹೊತ್ತಿಕೊಂಡ. ವಾಹನಗಳು ನಿಂತು ಕಾದವು. ಮುಂದೆ ಯಾರ ಮುಖವೂ ಕಾಣದ ಅವಳ ಕುರ್ಚಿಯಿತ್ತು, ಹಿಂದೆ ಟಾಟಾ ಮಾಡಿದ ಮಗು; ಅವಳು ಗುನುಗುತ್ತಲೇ ಇದ್ದಳು, ಕದಲಲಿಲ್ಲ. ಹಸಿರಿನವನು ಆರಿಹೋಗಿ ಅವನ ತಲೆಯ ಮೇಲೆ ಕೆಂಪು ಮನುಷ್ಯ ಮೂಡಿದ, ಎರಡೂ ಕೈ ಇಳಿಬಿಟ್ಟು, ಎತ್ತಲೂ ನೋಡದೆ.