ನಕ್ಷೆಯಲ್ಲಿ ಒರೆಸಿಹೋದ ಒಂಬತ್ತು ಚುಕ್ಕೆ

ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಕಲೆ ತೆಗೆಯುವುದು ಅವಳ ಕೆಲಸ. ಕಂಪ್ಯೂಟರಿನ ಮುಂದೆ ಕೂತಳೆಂದರೆ ಚಹಾದ ಕಲೆ, ಗೆದ್ದಲಿನ ತೂತು, ನೊಣದ ಹಿಕ್ಕೆ ಯಾವುದಕ್ಕೂ ಉಳಿಗಾಲವಿಲ್ಲ. ಕೈ ಅಂದರೆ ಅವಳದು ಬಿಡಿ!

ಈ ಸಲದ್ದು ಅವರದೇ ಊರಿನ ನಕ್ಷೆ. ಗಿರಣಿಗಳು, ಚಿಮಣಿಗಳು, ರೈಲು ಹಳಿ, ಸುತ್ತಲಿನ ಹಳ್ಳಿಗಳು. ಮಧ್ಯಾಹ್ನ ಮುನ್ನೂರು ಪ್ರತಿ ಅಚ್ಚಿಗೆ ಹೋಗಬೇಕು. ಅದಕ್ಕೆ ಮುಂಚೆ ಒಮ್ಮೆ ತೋರಿಸೋಣವೆಂದು ಅತ್ತೆಯನ್ನು ಕರೆತಂದಿದ್ದಳು. ಈಗ ದೊಡ್ಡ ಗಿರಣಿಯ ಗೋದಾಮು ಇರುವ ಕಡೆ ತಾನು ಹುಟ್ಟಿದ ಹಳ್ಳಿ ಇತ್ತು ಅಂತ ಅತ್ತೆ ಐವತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಮನೆಯವರು "ಶುರುವಾಯ್ತು ಅಜ್ಜಿ ಕಥೆ" ಅಂತ ನಗುತ್ತಲೇ ಇದ್ದರು. ಸಾಯುವ ಮುಂಚೆ ಒಬ್ಬರಾದರೂ ನಂಬಲಿ ಅನ್ನುವುದೊಂದೇ ಪಾಪ ಆ ಜೀವದ ಆಸೆ.

ಅತ್ತೆ ಕನ್ನಡಕ ಏರಿಸಿಕೊಂಡು ನದಿಯಿಂದ ಬೆರಳು ಸರಿಸುತ್ತ ಬಂದರು. ಸೇತುವೆ, ಇಟ್ಟಿಗೆ ಗೂಡು, ಕಾಲುವೆಯ ತಿರುವು. ಬೆರಳು ಅಲ್ಲಿ ನಿಂತಿತು. ಬರೀ ಬಿಳಿ ಜಾಗ.

"ಇಲ್ಲೇ ಕಣೇ, ಒಂಬತ್ತು ಮನೆ, ಒಂದು ಬಾವಿ... ಎಲ್ಲಿ ಹೋದ್ವು?" ಅವರ ದನಿ ಕುಗ್ಗಿತು. "ಹೋಗ್ಲಿ ಬಿಡು, ನನ್ನದೇ ಭ್ರಮೆ ಇರಬೇಕು."

ಸೊಸೆಗೆ ಥಟ್ಟನೆ ಹೊಳೆಯಿತು. ನಿನ್ನೆ ಆ ತಿರುವಿನಲ್ಲಿದ್ದ ಚುಕ್ಕೆಗಳನ್ನು ನೊಣದ ಹಿಕ್ಕೆ ಅಂತ ತಾನೇ ಕೈಯಾರೆ ಒರೆಸಿದ್ದಳಲ್ಲ!

"ಅಯ್ಯೋ, ಇರಿ ಅತ್ತೆ!"

ಒರೆಸುವ ಮುಂಚಿನ ಸ್ಕ್ಯಾನ್ ತೆರೆದು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಚುಕ್ಕೆಗಳಿಗೆ ಮೂಲೆಗಳಿದ್ದವು. ನೊಣ ಎಲ್ಲಾದರೂ ಚೌಕವಾಗಿ ಹಿಕ್ಕೆ ಹಾಕುತ್ತದೆಯೇ? ಒಂದೊಂದು ಚೌಕದಿಂದಲೂ ಬಾವಿಗೆ ಕೂದಲೆಳೆಯಂಥ ಕಾಲುದಾರಿ. ಯಾರೋ ಪುಣ್ಯಾತ್ಮ ಅಷ್ಟೂ ದಾರಿಯನ್ನು ನಡೆದು ಅಳೆದು ಬರೆದಿದ್ದ.

"ಅತಿ ಬುದ್ಧಿವಂತರಿಗೆ ಮೂರು ಕಡೆ ಅಂತಾರಲ್ಲ, ಅದು ನಾನೇ. ಅಣ್ಣಾ, ಮಧ್ಯಾಹ್ನದ ಅಚ್ಚು ನಿಲ್ಸಿ!" ಅಂತ ಮಷೀನಿನವನಿಗೆ ಕೂಗಿ ಹೇಳಿದಳು.

ಅತ್ತೆಗೆ ಇದ್ಯಾವುದೂ ಕೇಳಿಸಿದಂತಿರಲಿಲ್ಲ. ಮನೆಗಳನ್ನು ಒಂದೊಂದಾಗಿ ಎಣಿಸಿ, ಬಾವಿಯ ಪಕ್ಕದ್ದರ ಮೇಲೆ ಬೆರಳಿಟ್ಟರು.

"ಯಾವ ಕಾಲದ್ದೇ ಇದು?"

"ಎಪ್ಪತ್ತೆಂಟು ವರ್ಷ ಆಯ್ತು ಅತ್ತೆ, ಬರೆದು."

"ಆಗ ನಾನು ಹಾಲು ಕುಡಿಯೋ ಕೂಸು." ಅತ್ತೆಯ ಕಣ್ಣು ತುಂಬಿತು. ಬೆರಳು ಮಾತ್ರ ಕದಲಲಿಲ್ಲ. "ನಕ್ಷೆ ಬರೆದವನು ಹೊರಗೆ ನಿಂತು ದಾರಿ ಅಳೀತಿದ್ದಾಗ, ನಾನು ಇದರೊಳಗೇ ಇದ್ದೆ ಕಣೇ."