ಖುರ್ಷಿದ ಬದಿಗಿಟ್ಟ ಬಾಟಲಿಗಳು

ಜೇವರ್ಗಿಯ ಹೊರಗೆ, ಅಂದೋಲಾ ರಸ್ತೆಯ ಮೇಲೆ, ಕುಡಿಯುವ ನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆಗೆ ಅದು ಎರಡನೇ ಬೇಸಿಗೆ. ತೊಂಬತ್ತೆಂಟನೇ ಇಸವಿ. ಮದುವೆಗಳ ದಿನ. ದಿನಕ್ಕೆ ಎರಡು ಸಾವಿರ ಬಾಟಲಿಯಾದರೂ ಹೊರಬೀಳಬೇಕೆಂದು ಮಾಲೀಕ ಶಾಂತಲಿಂಗಪ್ಪ ಪಟ್ಟು ಹಿಡಿದಾಗ, ಸುಪರ್‌ವೈಸರ್ ಭೀಮಶಾ ಒಂದಿಡೀ ಬೆಳಿಗ್ಗೆ ಯಂತ್ರದ ಪಕ್ಕ ನಿಂತು ನೋಡಿದ. ಬಾಟಲಿಗಳು ಗುಂಪುಗಟ್ಟುತ್ತಿದ್ದದ್ದು ಖುರ್ಷಿದಳ ಮುಂದೆ. ತುಂಬಿದ ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೀರಿನಲ್ಲಿ ಕಸವಿದೆಯೇ ಎಂದು ನೋಡುವುದು ಅವಳ ಕೆಲಸ. ಹತ್ತಕ್ಕೊಂದನ್ನು ಬದಿಗಿಡುತ್ತಿದ್ದಳು. ನೀರು ತುಂಬುವ ನಳಿಗೆಯ ರಬ್ಬರು ಸವೆದು ಚೂರು ಉದುರುತ್ತಿದೆ ಎಂದು ಎರಡು ಸಲ ಹೇಳಿಯೂ ಇದ್ದಳು. ಅದನ್ನು ಬದಲಿಸಲು ಅರ್ಧ ದಿನ ಯಂತ್ರ ನಿಲ್ಲಿಸಬೇಕು. ಭೀಮಶಾ ಕಿವಿಗೆ ಹಾಕಿಕೊಂಡಿರಲಿಲ್ಲ.

"ನಿನ್ನ ಕೈ ಭಾಳ ಸಾವಕಾಶ ಅದ. ನಾಳಿಂದ ಲೇಬಲ್ ಹಚ್ಚು," ಎಂದ, ಎಲ್ಲರೆದುರೇ. ಅವಳ ಜಾಗಕ್ಕೆ ಯಾರನ್ನೂ ಕೂಡಿಸಲಿಲ್ಲ. ಮೂರೇ ದಿನದಲ್ಲಿ ಎರಡು ಸಾವಿರ ದಾಟಿತು. ಮಾಲೀಕರು ಬೆನ್ನು ತಟ್ಟಿದರು.

ನಾಲ್ಕನೇ ದಿನ ಅತನೂರಿನ ಮದುವೆಮನೆಯಿಂದ ಟೆಂಪೊ ತುಂಬ ಬಾಟಲಿ ವಾಪಸ್ ಬಂದವು. ನೀರಿನಲ್ಲಿ ಕರಿ ಚೂರು ತೇಲುತ್ತಿದ್ದವು. ಬೀಗರ ಮುಂದೆ ಮಾನ ಹೋಯಿತೆಂದು ಹುಡುಗಿಯ ತಂದೆಯೇ ಬಂದು ಶಾಂತಲಿಂಗಪ್ಪನವರಿಗೆ ಬಾಯಿಗೆ ಬಂದದ್ದು ಅಂದು ಹೋದರು.

ಖುರ್ಷಿದಳನ್ನು ಆ ಜಾಗದಿಂದ ಎಬ್ಬಿಸಿದ್ದು ಮಾಲೀಕರಿಗೆ ಗೊತ್ತಿರಲಿಲ್ಲ. ನೇರ ಅವಳತ್ತ ತಿರುಗಿ, ನೋಡಿ ಬಿಡುವವಳು ನೀನೇ ಅಲ್ಲವೇ, ಇನ್ನು ಬರಬೇಡ ಎಂದುಬಿಟ್ಟರು. ಅವಳು ಭೀಮಶಾನ ಮುಖ ನೋಡಿದಳು. ಅವನು ಹೇಳಬೇಕಿದ್ದದ್ದು ಒಂದೇ ಮಾತು. ಅದನ್ನು ಬಿಟ್ಟು ಟೆಂಪೊದಿಂದ ಬಾಟಲಿ ಇಳಿಸತೊಡಗಿದ. ಅವಳು ಬುತ್ತಿ ಎತ್ತಿಕೊಂಡು ಹೊರನಡೆದಳು.

ಮಧ್ಯಾಹ್ನ ಭೀಮಶಾ ರೊಟ್ಟಿ ಬಿಚ್ಚಿ ಕೂತ. ಅರ್ಧಕ್ಕೇ ಎದ್ದು ಹೋಗಿ ಮಾಲೀಕರ ಮುಂದೆ ಎಲ್ಲವನ್ನೂ ಹೇಳಿದ. ಅವರು ಬಹಳ ಹೊತ್ತು ಬೈದರು. ಕೊನೆಗೆ, ಹೋಗಿ ಅವಳನ್ನು ಕರೆದುಕೊಂಡು ಬಾ ಎಂದರು.

ಖುರ್ಷಿದ ಮನೆಯ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ತಪ್ಪು ನಂದದ, ಖುರ್ಷಿದಕ್ಕ. ಆಗೇ ಹೇಳಬೇಕಿತ್ತು, ಅಂಜಿದೆ," ಎಂದ ಭೀಮಶಾ, ಮೊರದ ಮೇಲೆ ಕಣ್ಣು ನೆಟ್ಟು.

"ಮಂದಿ ಎದುರು ಅಂದ್ರಿ, ಮಂದಿ ಎದುರೇ ಹೇಳ್ರಿ," ಎಂದಳು ಅವಳು. "ಮತ್ತ ನಾ ನಿಲ್ಲಸ್ರಿ ಅಂದ್ರ ಮಷೀನ್ ನಿಲ್ಲಬೇಕು."

ಮರುದಿನ ಭೀಮಶಾ ಕೆಲಸದ ಹನ್ನೊಂದು ಮಂದಿಯ ಮುಂದೆ ನಿಂತು ತಪ್ಪು ತನ್ನದೆಂದು ಹೇಳಿದ. ಅಂದೇ ಯಂತ್ರ ನಿಲ್ಲಿಸಿ ರಬ್ಬರು ಬದಲಿಸಿದರು. ಬದಿಗಿಡುವ ಬಾಟಲಿಯೇ ಇಲ್ಲವಾದ ಮೇಲೆ, ಖುರ್ಷಿದ ಮತ್ತೆ ತನ್ನ ಜಾಗದಲ್ಲಿ ಕೂತು ಒಂದೊಂದನ್ನೂ ನೋಡಿಯೇ ಬಿಟ್ಟರೂ ದಿನಕ್ಕೆ ಎರಡು ಸಾವಿರದ ಇನ್ನೂರು ಸಾಗತೊಡಗಿದವು. ಮಾಲೀಕರು ಮೆಚ್ಚಿದಾಗ ಭೀಮಶಾ ಅವಳ ಹೆಸರು ಹೇಳಿದ.

ಅವಳು ನಡೆದದ್ದರ ಮಾತನ್ನು ಮತ್ತೆ ಎತ್ತಲಿಲ್ಲ. ಕೆಲಸದ ಮಾತನ್ನು ಎಂದಿನಂತೆಯೇ ಆಡುತ್ತಿದ್ದಳು. ಆದರೂ ಆ ಬೇಸಿಗೆ ಕಳೆಯುವವರೆಗೆ, ಅವಳೆದುರು ನಿಂತಾಗಲೆಲ್ಲ ಅವನ ತಲೆ ತಾನಾಗಿ ತಗ್ಗುತ್ತಿತ್ತು.