ಅಷ್ಟಕದ ನಡುವಿನ ಚುಕ್ಕಿ

ನನ್ನ ಗಂಡ ಬರೆದ ಕಣಭೌತಶಾಸ್ತ್ರದ ಪುಸ್ತಕದ ಕೊನೆಯ ಕರಡು ಮೂರು ವಾರದಿಂದ ನನ್ನ ಬಳಿಯೇ ಇತ್ತು. ಸಹಿ ಹಾಕಿ ಕೊಟ್ಟರೆ ಅಚ್ಚಿಗೆ ಹೋಗುತ್ತದೆ. ಆಮೇಲೆ ಅವರದೆಂದು ನಾನು ಮಾಡಬೇಕಾದ ಕೆಲಸ ಯಾವುದೂ ಉಳಿಯುವುದಿಲ್ಲ.

"ಇನ್ನೂ ಮುಗೀಲಿಲ್ವೇನಮ್ಮ?" ಎಂದರು ಅತ್ತೆ. "ಅವನು ಬರೆಯೋವಾಗ್ಲೂ ಇಷ್ಟು ಎಳೆದಾಡಿರ್ಲಿಲ್ಲ."

ಮಗನನ್ನು ಕಳೆದುಕೊಂಡವರೇ ತಮಾಷೆ ಮಾಡಿದ ಮೇಲೆ ಕೂರಲಾಗಲಿಲ್ಲ. ಕರಡು ಎತ್ತಿಕೊಂಡು ಮುದ್ರಣಾಲಯಕ್ಕೆ ಹೋದೆ.

ಪುಟ ಜೋಡಿಸುವಾತ ಕಂಪ್ಯೂಟರಿನಿಂದ ತಲೆಯೆತ್ತದೆ ಕುರ್ಚಿ ತೋರಿಸಿದ.

"ನೂರ ಹನ್ನೆರಡನೇ ಪುಟ," ಎಂದೆ. "ಷಟ್ಕೋನದ ಪಕ್ಕ ಒಂದು ಚುಕ್ಕಿ ಹೆಚ್ಚಾಗಿದೆ."

"ನಾನೇ ಹಾಕಿದ್ದು ಮೇಡಂ. ಸರ್ ಎಂಟು ಕಣ ಅಂತ ಬರೆದು ಏಳೇ ಚುಕ್ಕಿ ಇಟ್ಟಿದ್ರು. ನಡುವಿನದಕ್ಕೆ ಪೆನ್ನಲ್ಲಿ ಸುತ್ತು ಬೇರೆ. ಆ ಸುತ್ತು ಅಳಿಸಿದೆ. ಪಾಪ, ಅವಸರದಲ್ಲಿ ಎಣಿಕೆ ತಪ್ಪಿರ್ಬೇಕು ಅಂದ್ಕೊಂಡೆ."

"ತಪ್ಪಿಲ್ಲ. ಈ ಎಂಟರ ಗುಂಪಿಗೆ ಅಷ್ಟಕ ಅಂತಾರೆ. ಮೂಲೆಗಳಲ್ಲಿ ಆರು, ನಡುವೆ ಎರಡು. ಚುಕ್ಕಿ ಒಂದು ಕಣ, ಸುತ್ತು ಇನ್ನೊಂದು."

"ಇಬ್ರೂ ಒಂದೇ ಜಾಗದಲ್ಲಾ? ನಮ್ಮನೇಲಾದ್ರೆ ಒಂದು ಕುರ್ಚಿಗೆ ಇಬ್ರು ಮಕ್ಕಳು ಬಂದ್ರೆ ರಾಮಾಯಣ!"

ನಾನು ರಸಾಯನಶಾಸ್ತ್ರದವಳು. ನಮ್ಮ ಅಷ್ಟಕದಲ್ಲಿ ಪರಮಾಣುಗಳು ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗಲೆಂದು ಕೊಡುತ್ತವೆ, ಪಡೆಯುತ್ತವೆ, ಹಂಚಿಕೊಳ್ಳುತ್ತವೆ. ನನ್ನ ಗಂಡನ ಕಣಗಳ ಅಷ್ಟಕದಲ್ಲಿ ಯಾವುದೂ ಯಾವುದನ್ನೂ ಬೇಡುವುದಿಲ್ಲ. ಗುಣ ನೋಡಿ ಜೋಡಿಸಿದರೆ ಎಂಟು ಬರುತ್ತದೆ, ಅಷ್ಟೆ.

"ನಿಂದು ಬರೀ ಆಸೆಬುರುಕರ ಶಾಸ್ತ್ರ ಕಣೇ," ಎನ್ನುತ್ತಿದ್ದರು.

"ನಿಮ್ಮದು ಹಾಜರಿ ಪುಸ್ತಕ," ಎನ್ನುತ್ತಿದ್ದೆ.

ಜಗಳ ಮುಗಿಯುವಷ್ಟರಲ್ಲಿ ಊಟ ಆರಿರುತ್ತಿತ್ತು. ಈಗ ಬಿಸಿಬಿಸಿಯೇ ಉಣ್ಣುತ್ತೇನೆ.

ಆತ ಹೆಚ್ಚಿನ ಚುಕ್ಕಿ ಅಳಿಸಿ ಸುತ್ತು ಎಳೆದ. ಅದು ಸ್ವಲ್ಪ ವಾಲಿತು. ಮತ್ತೆ ಎಳೆದ. ಸರಿಯಾಗಿ ಕೂತಿತು.

"ಇನ್ನೇನಾದ್ರೂ ಇದೆಯಾ ಮೇಡಂ?"

ಇರಬಾರದೇ ಎಂದುಕೊಂಡು ಪುಟ ತಿರುವಿದೆ. ಒಂದು ಕಾಗುಣಿತ, ಒಂದು ಅಲ್ಪವಿರಾಮ ಸಿಕ್ಕರೂ ಸಾಕಿತ್ತು. ಎಲ್ಲವೂ ಸರಿಯಿತ್ತು. ಅವರು ಹೋದ ಮೇಲೆ ಮೊದಲ ಸಲ ಅವರ ಮೇಲೆ ಸಿಟ್ಟು ಬಂತು. ಒಂದಾದರೂ ತಪ್ಪು ಉಳಿಸಬಾರದಿತ್ತೆ?

"ಇಲ್ಲ," ಎಂದೆ.

ಪೆನ್ನು ಕೊಟ್ಟ. ಸಹಿ ಹಾಕಿದೆ. ಹಾಳೆಗಳಿಗೆ ಆತ ಕೈ ಚಾಚಿದಾಗ ನನ್ನ ಹೆಬ್ಬೆರಳು ಅವುಗಳ ಮೇಲೆಯೇ ಇತ್ತು. ಆತ ಎಳೆಯಲಿಲ್ಲ. ಇನ್ನೊಂದು ತುದಿ ಹಿಡಿದುಕೊಂಡು ಕಾದ.